ಬೆಟ್ಟದ ಮೇಲಿನ ಊರಿಗೆ ಹೋದರೆ ಕಥೆ ಕೇಳಬೇಡಿ, ನೀರು ಕೇಳಿ

"ಮಿಸ್, ಈ ಭಾನುವಾರ ಮೇಲುಕೋಟೆಗೆ ಹೋಗ್ತಾ ಇದೀವಿ. ಅಲ್ಲಿ ಜನಪದ ಕಥೆ ಕಲೆಕ್ಟ್ ಮಾಡ್ಬೇಕು. ಹೇಗೆ ಶುರು ಮಾಡೋದು?"

ತಿಂಗಳಿಗೊಂದಾದರೂ ಇಂಥ ಫೋನು ಬರುತ್ತದೆ. ಕಾಲೇಜು ಪ್ರಾಜೆಕ್ಟಿನ ಹುಡುಗರು, ಯೂಟ್ಯೂಬ್ ಮಾಡುವವರು, ಸುಮ್ಮನೆ ಆಸೆ ಇರುವವರು. ಪಾಂಡವಪುರ ತಾಲ್ಲೂಕಿನ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ, ಈಗ ಮೈಸೂರಿನಲ್ಲಿ ಮಗನ ಮನೆ ಮಹಡಿಯಲ್ಲಿ ಕೂತಿರುವ ನನಗೆ ಒಂದೇ ಮಾತನ್ನು ಎಲ್ಲರಿಗೂ ಹೇಳಿ ಹೇಳಿ ಗಂಟಲು ಕಟ್ಟಿದೆ. ಬರೆದಿಟ್ಟುಬಿಡುತ್ತೇನೆ, ಇನ್ನು ಮೇಲೆ ಇದನ್ನೇ ಕಳಿಸಬಹುದು.

ಮೊದಲು ನಾನು ಕೆಟ್ಟ ಕಥೆ ಕೇಳಿ. 1994ರಲ್ಲಿ ಯಾರದೋ ಟೇಪ್ ರೆಕಾರ್ಡರ್ ಎರವಲು ತಂದು, ಹೊಸ ಸೆಲ್ಲು ಹಾಕಿ, ಕಲ್ಯಾಣಿಯ ಹತ್ತಿರ ಹೂವು ಕಟ್ಟುತ್ತ ಕೂತಿದ್ದ ಒಬ್ಬ ಅಜ್ಜಿಯ ಮುಂದೆ ಇಟ್ಟು, "ಅಜ್ಜಿ, ನಿಮಗೆ ಗೊತ್ತಿರುವ ಜನಪದ ಕಥೆಗಳನ್ನು ಹೇಳಿ" ಅಂದೆ. ಅಚ್ಚ ಪಠ್ಯಪುಸ್ತಕದ ಕನ್ನಡ. ಅಜ್ಜಿ ಪೆಟ್ಟಿಗೆ ನೋಡಿದಳು, ನನ್ನ ಸೀರೆ ನೋಡಿದಳು. "ಯಾವ ಕತೆ ಯೋಳ್ಲವ್ವ ನಾನು? ನಂಗೇನ್ ಬಂದದೆ? ಗುಡಿ ಅಯ್ನೋರ್ನ ಕೇಳೋಗು" ಅಂದಳು. ಟೇಪಿನಲ್ಲಿ ಉಳಿದದ್ದು ಅಷ್ಟೇ, ಜೊತೆಗೆ ಒಂದು ಕೋತಿ ಕಿರುಚಿದ್ದು.

ಪೆಟ್ಟಿಗೆ ಮುಚ್ಚಿ, ಬಾಯಾರಿಕೆಯಾಗಿ, "ಅವ್ವಾ, ಇಲ್ಲಿ ಕುಡಿಯೋ ನೀರು ಎಲ್ಲಿ ಸಿಕ್ತದೆ?" ಎಂದು ಕೇಳಿದೆ. ನೋಡಿ, ಅಲ್ಲಿಂದ ಮುಕ್ಕಾಲು ಗಂಟೆ ಅಜ್ಜಿ ನಿಲ್ಲಿಸಲಿಲ್ಲ. ಯಾವ ಕೊಳದ ನೀರು ಬೇಳೆ ಬೇಯಿಸುತ್ತದೆ, ಯಾವುದರದ್ದು ಬೇಯಿಸುವುದಿಲ್ಲ, ಯಾವ ನೀರಿಗೆ ಯಾರು ಶಾಪ ಕೊಟ್ಟರು, ರಾಮ ಎಲ್ಲಿ ಬಾಣ ಬಿಟ್ಟ, ಯಾವ ವರ್ಷದ ಬರದಲ್ಲಿ ಎಲ್ಲಿಂದ ಕೊಡ ಹೊತ್ತು ತಂದರು, ಆಗ ಯಾವ ಹಾಡು ಹೇಳಿಕೊಂಡರು. ಸೆಲ್ಲು ಉಳಿಸಲು ನಾನು ಟೇಪು ಆಫ್ ಮಾಡಿದ್ದೆ.

ಆವತ್ತಿನಿಂದ ನನ್ನ ಪದ್ಧತಿ ಇದು: ಬೆಟ್ಟದೂರಿನಲ್ಲಿ ಕಥೆ ಕೇಳಬಾರದು, ನೀರು ಕೇಳಬೇಕು. ಮೇಲುಕೋಟೆ ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರದ ಬಂಡೆಬೆಟ್ಟ. ಕೆಳಗೆ ಕಾವೇರಿ ಬಯಲು ಹಸಿರಾಗಿ ಕಾಣುತ್ತದೆ, ಕಬ್ಬು, ಭತ್ತ, ನಾಲೆ, ಮೇಲೆ ಹೊಳೆಯಿಲ್ಲ. ಮಂಡ್ಯದ ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ಆ ಮಳೆಯನ್ನು ಬಂಡೆಯ ಸಂದಿಯಲ್ಲಿ, ಕೊಳದಲ್ಲಿ ಹಿಡಿದಿಟ್ಟುಕೊಂಡು ಬಾಳಿದ ಊರು ಅದು. ಹಾಗಾಗಿ ಅಲ್ಲಿನ ಯಾವ ಕಥೆಯನ್ನು ಎಳೆದರೂ ಕೊನೆಗೆ ಹಗ್ಗದ ತುದಿಯಲ್ಲಿ ಒಂದು ಕೊಡ ನೀರು ಬರುತ್ತದೆ.

ಹೊರಡುವ ಮುಂಚೆ

ಮೈಸೂರಿನಿಂದ ಐವತ್ತು ಕಿಲೋಮೀಟರ್ ಚಿಲ್ಲರೆ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾಟಿ ಹತ್ತುವುದು. ಬೆಳಗಿನ ಮೊದಲ ಬಸ್ಸು ಹಿಡಿಯಿರಿ. ಹತ್ತು ಗಂಟೆಯ ಮೇಲೆ ಬಂಡೆ ಕಾದು ಹೆಂಚಾಗುತ್ತದೆ, ಯಾರೂ ಮಾತಾಡುವ ಮನಸ್ಸಿನಲ್ಲಿ ಇರುವುದಿಲ್ಲ.

ದೇವರಿಗೆ ವಜ್ರದ ಕಿರೀಟ ತೊಡಿಸುವ ವೈರಮುಡಿ ಉತ್ಸವದ ದಿನ ಮಾತ್ರ ಬೇಡ. ಮಾರ್ಚ್–ಏಪ್ರಿಲ್ ಹೊತ್ತಿಗೆ ಬರುವ ಆ ದಿನ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಕಿರೀಟ ಬೆಟ್ಟಕ್ಕೆ ಹತ್ತುವುದನ್ನು ನೋಡಬೇಕು, ದಾರಿಯ ಹಳ್ಳಿಗಳವರು ರಂಗೋಲಿ ಬಿಟ್ಟು, ಆರತಿ ಹಿಡಿದು ಕಾಯುವುದನ್ನು ನೋಡಬೇಕು, ನಿಜ. ಆದರೆ ಕೇಳಲು ಅದು ದಿನವಲ್ಲ. ಲಕ್ಷಾಂತರ ಜನ, ಅಜ್ಜಿಯರೆಲ್ಲ ಬೆಳಗಿನಿಂದ ಅನ್ನ ಬೇಯಿಸಿ ಸುಸ್ತಾಗಿರುತ್ತಾರೆ. ಕೇಳಲು ಹೋಗುವವರಿಗೆ ಎರಡು ಕಾಲ ಒಳ್ಳೆಯದು. ಒಂದು, ಮುಂಗಾರಿನ ಮೊದಲ ಎರಡು ಮಳೆ ಬಿದ್ದು ಕೊಳಗಳು ಅರ್ಧ ತುಂಬಿದಾಗ. ಇನ್ನೊಂದು ಕಾರ್ತಿಕ, ಅಷ್ಟತೀರ್ಥೋತ್ಸವ ಮತ್ತು ತೊಟ್ಟಿಲಮಡು ಜಾತ್ರೆಯ ಆಚೀಚೆ. ಆಗ ನೀರಿನ ಮಾತು ಎಲ್ಲರ ಬಾಯಲ್ಲೂ ತಾನಾಗಿಯೇ ಇರುತ್ತದೆ. ಮಂಗಳವಾರ, ಬುಧವಾರದಂಥ ಖಾಲಿ ದಿನ ನೋಡಿಕೊಳ್ಳಿ.

ಬ್ಯಾಗಿನಲ್ಲಿ ನೂರು ಪುಟದ ಉದ್ದ ನೋಟ್‌ಬುಕ್ಕು, ಎರಡು ಪೆನ್ಸಿಲ್ (ಬೆವರಿಗೆ ಪೆನ್ನಿನ ಶಾಯಿ ಕದಡುತ್ತದೆ), ಎರಡು ಲೀಟರ್ ನೀರು, ಟವಲು, ಎಲೆ ಅಡಿಕೆ. ಎಲೆ ಅಡಿಕೆ ನೀವು ಹಾಕಿಕೊಳ್ಳಲಿಕ್ಕಲ್ಲ, ಮುಂದೆ ಹೇಳುತ್ತೇನೆ. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಲ್ಲಿ ಹಿಡಿಯಬೇಡಿ. ಅಲ್ಲಿನ ಕೋತಿಗಳಿಗೆ ಕವರಿನ ಸದ್ದು ಊಟದ ಗಂಟೆ ಇದ್ದಂತೆ. ಒಮ್ಮೆ ದೇವಸ್ಥಾನದ ಮುಂದೆ ಕೊಂಡ ಪುಳಿಯೋಗರೆ ಪೊಟ್ಟಣ ಹೀಗೇ ಹೋಯಿತು. ಕಡ್ಲೆಬೀಜ ಒಂದೊಂದೇ ಆರಿಸಿ ತಿಂದು, ಅನ್ನವನ್ನು ಮಂಟಪದ ಮೇಲೆ ಸುರಿದು, ನನ್ನನ್ನೇ ನೋಡುತ್ತಿತ್ತು.

ನೀರಿನ ಹೆಸರು ಕಲಿಯದೆ ಹತ್ತಬೇಡಿ

ಪೇಟೆಯ ಮಕ್ಕಳಿಗೆ ನಿಂತ ನೀರೆಲ್ಲ "ಕೆರೆ" ಅಥವಾ "ಪಾಂಡ್". ಬೆಟ್ಟದವರ ಮುಂದೆ ಹಾಗೆ ಅಂದರೆ ನಿಮಗೆ ಏನೂ ಗೊತ್ತಿಲ್ಲ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ. ದೊಣೆ ಎಂದರೆ ಬಂಡೆಯ ಮೇಲೆ ತಾನಾಗಿ ಆದ ಗುಳಿ, ಮಳೆನೀರು ನಿಂತು ಬೇಸಿಗೆಯವರೆಗೂ ಉಳಿಯಬಹುದು. ಅದನ್ನು ಯಾರೂ ಕಟ್ಟಿದ್ದಲ್ಲ. ಕೊಳ ಕಟ್ಟಿದ್ದು, ಮೆಟ್ಟಿಲಿರುತ್ತದೆ. ಕಲ್ಯಾಣಿ ದೇವರ ಕೆಲಸದ ಕೊಳ, ಸುತ್ತ ಮಂಟಪ ಇರುವಂಥದ್ದು. ಯೋಗಾನರಸಿಂಹನ ಬೆಟ್ಟದ ಬುಡದಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಅದರ ಮುಂದೆಯೇ. ಕಟ್ಟೆ ಎಂದರೆ ಚಿಕ್ಕ ಒಡ್ಡು ಹಾಕಿ ದನಕರುಗಳಿಗೆ ನಿಲ್ಲಿಸಿದ ನೀರು. ಮಡು ಹಳ್ಳದ ಆಳವಾದ ಜಾಗ, ಬೇಸಿಗೆಯಲ್ಲಿ ಹಳ್ಳ ಬತ್ತಿದರೂ ಅಲ್ಲಿ ಪಸೆ ಇರುತ್ತದೆ. ತೊಟ್ಟಿಲಮಡು ಎಂಬ ಹೆಸರಿನಲ್ಲಿ ಆ ಪದ ಇನ್ನೂ ಬದುಕಿದೆ. ಮಕ್ಕಳ ಫಲ ಬೇಡುವವರು ಅಲ್ಲಿಗೆ ಹೋಗುತ್ತಾರೆ. ತೊಟ್ಟಿಲು, ಮಡು, ಮಗು — ಕಥೆ ಯಾರೂ ಹೇಳದಿದ್ದರೂ ಅರ್ಧ ಹೆಸರಿನಲ್ಲೇ ಇದೆ. ತೀರ್ಥ ಎಂದರೆ ಇವುಗಳಲ್ಲಿ ಯಾವುದಾದರೂ ಆಗಬಹುದು, ಅದಕ್ಕೊಂದು ಪುರಾಣ ಅಂಟಿದ್ದರೆ ಸಾಕು. ಕೆರೆ ಬೆಟ್ಟದ ಮೇಲಿನದ್ದಲ್ಲ, ಕೆಳಗಿನದು. ಕೆರೆತೊಣ್ಣೂರಿನ ಮೋತಿ ತಲಾಬ್ ನೋಡಿದರೆ ಕೆರೆ ಎಂದರೆ ಏನೆಂದು ತಿಳಿಯುತ್ತದೆ.

ಒಂದೊಂದು ನೀರಿಗೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಬಿಡಿ. ಪುಟದ ತಲೆಯಲ್ಲಿ ಹೆಸರು, ತಾರೀಖು, ಎಷ್ಟು ಮೆಟ್ಟಿಲು ಒಣಗಿತ್ತು ಎಂಬ ಲೆಕ್ಕ. ಈ ಮೆಟ್ಟಿಲಿನ ಲೆಕ್ಕ ಬರೆಯದೆ ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ.

ಪುಟಕ್ಕೆ ಮೂರು ಸಾಲು ಗೆರೆ

ಪುಟವನ್ನು ಉದ್ದಕ್ಕೆ ಮೂರು ಭಾಗ ಮಾಡಿ. ಕಣ್ಣು, ಬಾಯಿ, ಪೋಥಿ. ಕಣ್ಣಿನ ಸಾಲಿನಲ್ಲಿ ನೀವು ಕಂಡದ್ದು. ಬಾಯಿಯ ಸಾಲಿನಲ್ಲಿ ಜನ ಹೇಳಿದ್ದು, ಅವರ ಮಾತಿನಲ್ಲೇ. ಪೋಥಿಯ ಸಾಲಿನಲ್ಲಿ ಸ್ಥಳಪುರಾಣ, ಶಾಸನ, ಗುಡಿಯ ಭಟ್ಟರು ಹೇಳುವ ಮಾತು. ಒಂದರೊಳಗೆ ಒಂದು ಬೆರೆಸಬಾರದು. ಬೆರೆತರೆ ಮೂರೂ ಕೆಡುತ್ತವೆ.

ಮೇಲುಕೋಟೆಯ ಧನುಷ್ಕೋಟಿ ತೀರ್ಥವನ್ನೇ ತೆಗೆದುಕೊಳ್ಳಿ. ಪೇಟೆಯಿಂದ ಸ್ವಲ್ಪ ಆಚೆ, ಹತ್ತಿ ಹೋಗಬೇಕು. ಬಾಯಿ ಹೇಳುವುದು: ವನವಾಸದಲ್ಲಿ ಸೀತಮ್ಮನಿಗೆ ದಾಹವಾಯಿತು, ರಾಮ ಬಂಡೆಗೆ ಬಾಣ ಹೊಡೆದ, ನೀರು ಚಿಮ್ಮಿತು, ಅದು ಇವತ್ತಿಗೂ ಬತ್ತಿಲ್ಲ. ಪೋಥಿ ಹೇಳುವುದು: ಇದು ಅಷ್ಟತೀರ್ಥಗಳಲ್ಲಿ ಒಂದು, ಬೆಟ್ಟಕ್ಕೆ ಕೃತಯುಗದಲ್ಲಿ ನಾರಾಯಣಾದ್ರಿ, ತ್ರೇತೆಯಲ್ಲಿ ವೇದಾದ್ರಿ, ದ್ವಾಪರದಲ್ಲಿ ಯಾದವಾದ್ರಿ, ಕಲಿಯಲ್ಲಿ ಯತಿಶೈಲ ಎಂದು ಹೆಸರು. ಕಣ್ಣು ಹೇಳಬೇಕಾದ್ದು: ಬಂಡೆ ಎಲ್ಲಿ ಸೀಳಿದೆ? ಸೀಳು ಯಾವ ದಿಕ್ಕಿಗೆ ಓಡುತ್ತದೆ? ಮೇಲೆ ಬಿದ್ದ ಮಳೆ ಯಾವ ಕಡೆಯಿಂದ ಇಳಿದು ಬರಬಹುದು? ಅಂಚಿನಲ್ಲಿ ಪಾಚಿಯ ಗುರುತು ಎಷ್ಟು ಎತ್ತರಕ್ಕಿದೆ? ಇಂಥ ಗಟ್ಟಿ ಬಂಡೆಯ ಮೇಲೆ ನೀರು ಇಂಗುವುದು ಸೀಳುಗಳಲ್ಲಿ ಮಾತ್ರ. ಇಂಗಿದ ನೀರು ತಗ್ಗಿನ ಇನ್ನೊಂದು ಸೀಳಿನಲ್ಲಿ ಮೆಲ್ಲಗೆ ಹೊರಬರುತ್ತದೆ, ಮಳೆ ನಿಂತ ಎಷ್ಟೋ ದಿನದ ಮೇಲೂ. ಹಾಗಾದರೆ ರಾಮನ ಬಾಣ ಸುಳ್ಳೇ ಎಂದು ನನ್ನ ಹತ್ತಿರ ವಾದಕ್ಕೆ ಬರುವ ಹುಡುಗರಿದ್ದಾರೆ. ಅಲ್ಲಪ್ಪ, ಬಂಡೆಯಲ್ಲಿ ನೀರು ಹುಡುಕಬೇಕಾದರೆ ಸೀಳು ಹುಡುಕಬೇಕು ಎಂಬುದನ್ನು ನೆನಪಿಡುವುದಕ್ಕೆ ಬಾಣಕ್ಕಿಂತ ಒಳ್ಳೆಯ ಗುರುತು ನಿನ್ನ ಹತ್ತಿರ ಇದ್ದರೆ ಹೇಳು.

ಅಕ್ಕ–ತಂಗಿ ಕೊಳ ಇನ್ನೂ ಸ್ವಾರಸ್ಯ. ಅಕ್ಕಪಕ್ಕ ಎರಡು ಕೊಳ. ಹೂವಿನಜ್ಜಿ ಹೇಳಿದ್ದು: ಅಕ್ಕ ತಂಗಿ ಇಬ್ಬರೂ ಕೊಳ ಕಟ್ಟಿಸಿದರು. ಅಕ್ಕ ಕೂಲಿಯವರ ಮುಂದೆ ಕೂತು ಕಾಸು ಕಾಸಿಗೂ ಲೆಕ್ಕ ಇಟ್ಟಳು, ತಂಗಿ ಲೆಕ್ಕವಿಡದೆ ದೇವರ ಹೆಸರು ಹೇಳಿಕೊಂಡು ಕೈ ತುಂಬ ಕೊಟ್ಟಳು. ಅದಕ್ಕೆ ತಂಗಿಯ ನೀರು ಕುಡಿಯುವುದಕ್ಕೆ, ಅಕ್ಕನದು ಬಟ್ಟೆ ಒಗೆಯುವುದಕ್ಕೆ. ಮೂರು ವರ್ಷದ ಮೇಲೆ ಅದೇ ಕಟ್ಟೆಯ ಮೇಲೆ ಇನ್ನೊಬ್ಬಾಕೆ ಹೇಳಿದಳು, ಅಲ್ಲ, ಸಿಹಿ ಅಕ್ಕನದೇ, ಲೆಕ್ಕ ಇಟ್ಟವಳು ತಂಗಿ. ಯಾಕೆ ಹೀಗೆ ಎಂದು ಕೆದಕಿದಾಗ ಗೊತ್ತಾಯಿತು, ಈಕೆ ಮನೆಗೆ ಹಿರಿಮಗಳು! ತಂಗಿಯ ಮೇಲೆ ಆಸ್ತಿಯ ವಿಷಯಕ್ಕೆ ಮುನಿಸು ಬೇರೆ.

ಇಲ್ಲಿ ಹೊಸಬರು ಮಾಡುವ ತಪ್ಪು, "ಅಲ್ಲ ಅಕ್ಕಾ, ಸರಿಯಾದ ಕಥೆ ಹೀಗೆ" ಎಂದು ತಿದ್ದುವುದು. ತಿದ್ದಿದ ಕ್ಷಣಕ್ಕೆ ಬಾಯಿ ಮುಚ್ಚುತ್ತದೆ. ಎರಡನ್ನೂ ಬರೆಯಿರಿ, ಯಾರು ಹೇಳಿದ್ದು ಎಂಬುದನ್ನು ಹೆಸರಿಲ್ಲದೆ ಬರೆಯಿರಿ: "ಹೂವು ಕಟ್ಟುವವರು, ಎಪ್ಪತ್ತರ ಮೇಲೆ, ಕಿರಿಮಗಳು" ಎಂಬಂತೆ. ಆಮೇಲೆ ಕಣ್ಣಿನ ಸಾಲು. ಎರಡು ಕೊಳಗಳಲ್ಲಿ ಯಾವುದರ ನೀರು ಹಸಿರು, ಯಾವುದರ ಮೆಟ್ಟಿಲು ಸೋಪಿನಿಂದ ಬಿಳಿಚಿದೆ, ಮೇಲಿನ ಇಳಿಜಾರಿನ ಚರಂಡಿ ಮೊದಲು ಯಾವುದಕ್ಕೆ ಬೀಳುತ್ತದೆ. ಯಾವ ಸಾಲು ಯಾವ ಸಾಲಿಗೆ ಹೊಂದುತ್ತದೆ ಎಂದು ಮನೆಗೆ ಬಂದು ಯೋಚಿಸಿ, ಅಲ್ಲೇ ಕೂತು ತೀರ್ಪು ಕೊಡಬೇಡಿ. ಮತ್ತೆ, ಕಥೆ ಸಿಹಿ ಎಂದರೂ ಇವತ್ತು ಯಾವ ಕೊಳದ ನೀರನ್ನೂ ಕುಡಿಯಬೇಡಿ.

ಒಂದು ಮನೆಯವರು ಹೇಳಿದ್ದಕ್ಕೆ ಅದೇ ಮನೆಯವರನ್ನು ಸಾಕ್ಷಿ ಮಾಡಿಕೊಳ್ಳುವುದೂ ಬೇಡ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂದ ಹಾಗಾಗುತ್ತದೆ. ಇನ್ನೊಂದು ಬೀದಿಗೆ, ಇನ್ನೊಂದು ಕಸುಬಿನವರ ಹತ್ತಿರಕ್ಕೆ ಹೋಗಿ.

ಗಿಡದ ಹೆಸರಿನ ನೀರು

ಎಂಟು ತೀರ್ಥಗಳ ಹೆಸರನ್ನು ಭಟ್ಟರು ಒಂದೇ ಉಸಿರಿಗೆ ಹೇಳುತ್ತಾರೆ. ಅದರಲ್ಲಿ ಮೂರನ್ನು ಹಿಡಿದುಕೊಳ್ಳಿ: ಪಲಾಶತೀರ್ಥ, ದರ್ಭತೀರ್ಥ, ಪದ್ಮತೀರ್ಥ. ಪಲಾಶವೆಂದರೆ ಮುತ್ತುಗ. ದರ್ಭ ಹುಲ್ಲು. ಪದ್ಮ ತಾವರೆ. ಒಂದು ಕಾಡುಮರ, ಒಂದು ಪಸೆನೆಲದ ಹುಲ್ಲು, ಒಂದು ನಿಂತ ನೀರಿನ ಹೂವು. ಹೆಸರಿಟ್ಟವರು ಸುತ್ತ ನೋಡಿ ಇಟ್ಟಿದ್ದಾರೆ ಎಂದು ನನ್ನ ನಂಬಿಕೆ. ನಿಮ್ಮ ಕೆಲಸ, ಇವತ್ತು ಅಲ್ಲಿ ಆ ಗಿಡ ಇದೆಯೇ ಎಂದು ನೋಡುವುದು. ಇದ್ದರೆ ಎಷ್ಟು, ಇಲ್ಲದಿದ್ದರೆ ಆ ಜಾಗದಲ್ಲಿ ಏನು ಬೆಳೆದಿದೆ. ನನಗೆ ಹೆಚ್ಚಿನ ಕಡೆ ಸಿಕ್ಕಿದ್ದು ಲಂಟಾನ. ಅದಕ್ಕೆ ಯಾವ ಪುರಾಣವೂ ಇಲ್ಲ, ಸದ್ಯ.

ಮುತ್ತುಗ ಗುರುತಿಸುವುದು ಮಕ್ಕಳಿಗೂ ಬರುತ್ತದೆ. ಒಂದು ತೊಟ್ಟಿಗೆ ಮೂರೇ ಎಲೆ. "ಎಲ್ಲಿ ಹೋದರೂ ಮುತ್ತುಗಕ್ಕೆ ಮೂರೇ ಎಲೆ" ಎಂಬ ಗಾದೆಯನ್ನು ಹೇಳುವ ಮಂದಿಯಲ್ಲಿ ಎಷ್ಟೋ ಜನ ಆ ಎಲೆ ನೋಡಿಲ್ಲ. ಬೇಸಿಗೆಗೆ ಮುಂಚೆ ಎಲೆ ಉದುರಿಸಿಕೊಂಡು ಮೈತುಂಬ ಕೇಸರಿ ಹೂ ಬಿಡುತ್ತದೆ, ಗಿಳಿಮೂಗಿನ ಹಾಗೆ ಬಾಗಿದ ಹೂವು. ವೈರಮುಡಿ ಹತ್ತಿರ ಬಂತು ಎಂದು ನಮ್ಮವ್ವ ಪಂಚಾಂಗ ನೋಡಿ ಹೇಳುತ್ತಿರಲಿಲ್ಲ, ತಪ್ಪಲಿನ ಮುತ್ತುಗ ನೋಡಿ ಹೇಳುತ್ತಿದ್ದಳು. ಎಲೆ ಹಚ್ಚಿ ಊಟದೆಲೆ ಮಾಡುತ್ತಿದ್ದರು. ಹಚ್ಚುವುದನ್ನು ಯಾರಾದರೂ ಹಿರಿಯರು ಇನ್ನೂ ಬಲ್ಲರೇ ಕೇಳಿ, ಕೂತು ಕಲಿಯಿರಿ. ಕೈ ಆಡುತ್ತಿರುವಾಗ ಬಾಯಿ ಸಲೀಸಾಗಿ ಆಡುತ್ತದೆ. ದರ್ಭೆಯನ್ನು ಮಾತ್ರ ಬೆರಳಲ್ಲಿ ಎಳೆದು ಪರೀಕ್ಷೆ ಮಾಡಬೇಡಿ, ಅಂಚು ಕೊಯ್ಯುತ್ತದೆ.

ಮಣ್ಣಿಗೂ ಕಥೆಯಿದೆ. 12ನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ತೊಣ್ಣೂರಿನಲ್ಲಿದ್ದಾಗ ಹಣೆಗಿಡುವ ತಿರುಮಣ್ಣು ಮುಗಿದುಹೋಯಿತಂತೆ. ಕನಸಿನಲ್ಲಿ ದೇವರು ಬಂದು ಬೆಟ್ಟದ ದಾರಿ ತೋರಿದ. ಹೋಗಿ ನೋಡಿದರೆ ತುಳಸಿಯ ನಡುವೆ ಹುತ್ತ, ಹುತ್ತದೊಳಗೆ ಮೂರ್ತಿ, ಪಕ್ಕದಲ್ಲಿ ಬಿಳಿ ಮಣ್ಣು. ಆ ನಾಮದ ಮಣ್ಣು ಹಿಂದೆ ದೂರದೂರದ ಊರುಗಳಿಗೆ ಹೋಗುತ್ತಿತ್ತು. ಹುತ್ತದಿಂದ ದೇವರು ಏಳುವ ಕಥೆ ನಮ್ಮ ಸೀಮೆಯಲ್ಲಿ ಹತ್ತಾರು ಗುಡಿಗಳಿಗಿದೆ, ಹಸು ಹಾಲು ಸುರಿಸುವುದೂ ಸೇರಿ. ಊರಿಂದೂರಿಗೆ ಅಲೆಯುವ ಇಂಥ ಕಥೆ ಕೇಳಿದಾಗ ಬೇಸರಪಟ್ಟುಕೊಳ್ಳಬೇಡಿ. ಅದರಲ್ಲಿ ಈ ಊರಿಗೆ ಮಾತ್ರ ಸೇರಿದ್ದು ಏನು ಎಂದು ಹುಡುಕಿ. ಮೇಲುಕೋಟೆಯಲ್ಲಿ ಅದು ಬಿಳಿ ಮಣ್ಣು. ಪಕ್ಕದ ಕುಂತಿಬೆಟ್ಟದಲ್ಲಿ ಎಲ್ಲವೂ ಪಾಂಡವರದೇ. ಅಲ್ಲಿಗೆ ಹೋದರೂ ಇದೇ ಜರಡಿ ಹಿಡಿಯಿರಿ.

ದಿಲ್ಲಿಯಿಂದ ಇಲ್ಲಿನ ಉತ್ಸವಮೂರ್ತಿ ಚೆಲುವಪಿಳ್ಳೆಯ ವಿಗ್ರಹ ಬಂದದ್ದು, ಹಿಂದೆಯೇ ಬಂದ ಸುಲ್ತಾನನ ಮಗಳು ಬೀಬಿ ನಾಚಿಯಾರ್, ದಾರಿಯಲ್ಲಿ ಹೆಗಲು ಕೊಟ್ಟ, ರಾಮಾನುಜರು ತಿರುಕುಲದವರೆಂದು ಕರೆದ ದಲಿತರು — ಈ ಕಥೆ ಎಲ್ಲರೂ ಹೇಳುತ್ತಾರೆ, ಎಲ್ಲ ಕಡೆ ಬರೆದಿದೆ. ನಿಮಗೆ ಸಮಯ ಕಡಿಮೆಯಿದ್ದರೆ ಬಿಡಿ. ಕೇಳುವುದಾದರೆ ಗುಡಿಯೊಳಗೆ ಒಂದು ಸಲ, ಗುಡಿಯ ಹೊರಗೆ ತಿರುಕುಲದ ಹಿರಿಯರ ಹತ್ತಿರ ಒಂದು ಸಲ ಕೇಳಿ. ಕಥೆ ಒಂದೇ, ಹೆಗಲು ಬೇರೆ.

ಯಾರನ್ನು, ಏನಂತ ಕರೆದು

"ಎಕ್ಸ್‌ಕ್ಯೂಸ್ ಮಿ ಆಂಟಿ" ಎಂದು ಶುರು ಮಾಡಿದರೆ ನಿಮಗೆ ಸಿಗುವುದು ಬಸ್ಸಿನ ಟೈಮು ಮಾತ್ರ. ವಯಸ್ಸಾದ ಒಕ್ಕಲು ಹೆಂಗಸರನ್ನು "ಅವ್ವಾ" ಅನ್ನಿ. ನಿಮ್ಮ ತಾಯಿಯ ವಯಸ್ಸಿನವರನ್ನು "ಅಕ್ಕಾ" ಅಂದರೆ ಸಂತೋಷವಾಗಿಯೇ ತಿರುಗುತ್ತಾರೆ. ಕುರಿ ಮೇಯಿಸುವವರು, ಗಾಡಿಯವರು "ಅಣ್ಣ"; ತೀರ ಹಿರಿಯರಾದರೆ "ಯಜಮಾನ್ರೇ". ಗುಡಿಯವರನ್ನು "ಸ್ವಾಮಿ" ಅಥವಾ "ಭಟ್ಟರೇ". ಬೆಟ್ಟದ ಅಯ್ಯಂಗಾರ್ ಮನೆಗಳಲ್ಲಿ ಒಳಗೆ ತಮಿಳು, ಜಗುಲಿಯಲ್ಲಿ ಕನ್ನಡ. ಜಗುಲಿಯಲ್ಲೇ ಕೂರಿ, ಕರೆಯದೆ ಹೊಸ್ತಿಲು ದಾಟಬೇಡಿ. ಪು.ತಿ.ನರಸಿಂಹಾಚಾರ್ಯರು 1905ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅವರ ಮನೆ ನೋಡಲು ಹೋದಾಗ ಆ ಬೀದಿಯ ಜಗುಲಿಗಳನ್ನೂ ನೋಡಿ.

ಕೂತ ಕೂಡಲೇ ಎಲೆ ಅಡಿಕೆ ಮುಂದಿಡಿ. ದುಡ್ಡು ಕೊಡಬೇಡಿ, ಕೊಟ್ಟರೆ ಮುಂದಿನ ಸಲ ಹೋಗುವವನಿಗೆ ಕಥೆಯ ಬದಲು ರೇಟು ಸಿಗುತ್ತದೆ. ಮೊದಲ ಪ್ರಶ್ನೆ ನೀರು. "ಈ ವರ್ಸ ಕೊಳ ತುಂಬ್ತಾ ಅವ್ವಾ?" ಅಷ್ಟೇ ಸಾಕು. ಎರಡನೆಯದು, "ನೀವು ಮದುವೆಯಾಗಿ ಬಂದಾಗ ನೀರು ಎಲ್ಲಿಂದ ತರ್ತಿದ್ರಿ?" ಬೇರೆ ಊರಿನಿಂದ ಬಂದ ಸೊಸೆಯರಿಗೆ ಈ ಪ್ರಶ್ನೆ ಕೇಳಿದರೆ ಉತ್ತರ ಒಂದು ಜೀವನ ಇದ್ದಷ್ಟು ಉದ್ದ. ನಡುವೆ ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡಿ, ಬೇಡ ಅಂದರೆ ಮುಖ ಸಣ್ಣ ಮಾಡಬೇಡಿ. "ಮೂಢನಂಬಿಕೆ" ಎಂಬ ಪದವನ್ನು ಬಸ್ಸಿನಲ್ಲೇ ಬಿಟ್ಟು ಬನ್ನಿ.

ಒಮ್ಮೆ ಹೂವಿನಜ್ಜಿ ನನ್ನ ಪ್ರಶ್ನೆಗಳಿಗೆಲ್ಲ ಹೇಳಿ ಮುಗಿಸಿ ಕೇಳಿದಳು: "ನಮ್ಮೂರ್ ನೀರ್ನೆಲ್ಲ ಕೇಳ್ದೆ. ನಿಮ್ಮನೆಗೆ ಎಲ್ಲಿಂದ ಬತ್ತದೆ?" ಮೈಸೂರಿನ ನಲ್ಲಿ, ಅಂದೆ. "ನಲ್ಲಿಗೆ?" ಕಾವೇರಿ ಅಂದೆ. "ಯಾವ ಊರ್ ತಾವ ಎತ್ತಾರೆ?" ಗೊತ್ತಿರಲಿಲ್ಲ. ನೀವು ತಿಳಿದುಕೊಂಡು ಹೋಗಿ.

ಆಕಾಶ, ಕಾಡು, ಮಳೆ

ಗುಡಿಯ ಮೇಲೆ ದೊಡ್ಡ ಹಕ್ಕಿ ಸುತ್ತಿದರೆ ಜನ ಕೆನ್ನೆ ಬಡಿದುಕೊಳ್ಳುತ್ತಾರೆ, ಗರುಡ ಅನ್ನುತ್ತಾರೆ. ವೈರಮುಡಿಯನ್ನು ವಿರೋಚನನಿಂದ ಬಿಡಿಸಿ ತಂದವನು ಗರುಡನೇ ಅಲ್ಲವೇ! ಆದರೆ ಎಲ್ಲ ಹಕ್ಕಿಗೂ ಕೈ ಮುಗಿಯುವುದಿಲ್ಲ, ಗಮನಿಸಿ. ತಲೆ, ಎದೆ ಬಿಳಿಯಾಗಿ ಮೈ ಇಟ್ಟಿಗೆ ಬಣ್ಣವಿದ್ದು ಬಾಲದ ತುದಿ ಗುಂಡಗಿದ್ದರೆ ಗರುಡ. ಮೈಯೆಲ್ಲ ಕಂದು, ಬಾಲ ಕವಲು ಒಡೆದಿದ್ದರೆ ಅದು ಬರೀ ಹದ್ದು, ಅದಕ್ಕೆ ಕಲ್ಲು ಬೀಸುತ್ತಾರೆ. ಯಾರು ಯಾವುದಕ್ಕೆ ಕೈ ಮುಗಿದರು ಎಂದು ಬರೆದಿಡಿ. ನನ್ನ ಮೂರನೇ ಕ್ಲಾಸಿನ ಮಕ್ಕಳು ಪುಸ್ತಕವಿಲ್ಲದೆ ಹಕ್ಕಿ ಗುರುತಿಸಲು ಕಲಿತದ್ದು ಹೀಗೆ.

ಬೆಟ್ಟದ ಸುತ್ತಲ ಕುರುಚಲು ಕಾಡು 1974ರಿಂದ ವನ್ಯಧಾಮ, 49.82 ಚದರ ಕಿಲೋಮೀಟರ್, ಮುಖ್ಯವಾಗಿ ತೋಳಗಳಿಗೋಸ್ಕರ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ನುಗ್ಗಬೇಡಿ, ಚಿರತೆಯೂ ಇದೆ. ಹೊತ್ತು ಮುಳುಗುವ ಮುಂಚೆ ಪೇಟೆಗೆ ಇಳಿದುಬಿಡಿ. ತೋಳದ ಮಾತು ಕೇಳಲು ಕಾಡಿಗೆ ಹೋಗಬೇಕಾಗಿಯೂ ಇಲ್ಲ. ಮಧ್ಯಾಹ್ನ ಕುರಿಗಳು ನೆರಳಿಗೆ ಬಂದಾಗ ಕುರುಬರ ಯಜಮಾನರ ಪಕ್ಕ ಕೂರಿ, "ನಾಯಿ ಹೆಜ್ಜೆಗೂ ತೋಳನ ಹೆಜ್ಜೆಗೂ ಎಂಗೆ ವ್ಯತ್ಯಾಸ?" ಎಂದು ಕೇಳಿ. ಒಬ್ಬರು ನನಗೆ ಕೋಲಿನಿಂದ ಧೂಳಿನಲ್ಲಿ ಗೀಚಿ ತೋರಿಸಿದರು: ನಾಯಿ ಕುಡುಕನ ಹಾಗೆ ಅಡ್ಡಾದಿಡ್ಡಿ, ತೋಳ ದಾರ ಹಿಡಿದ ಹಾಗೆ ನೇರ. ಆಮೇಲೆ ತೋಳ ಎತ್ತಿಕೊಂಡು ಹೋದ ಮರಿಗಳ ಲೆಕ್ಕ, ಅದರ ಮೇಲೆ ಬೈಗುಳ, ಬೈಗುಳದ ನಡುವೆ ಒಂದಿಷ್ಟು ಗೌರವ. ಆ ಗೌರವದ ಮಾತು ಎಲ್ಲಿ ಬಂತೋ ಅಲ್ಲಿ ಪೆನ್ಸಿಲ್ಲಿನಿಂದ ಅಡಿಗೆರೆ ಎಳೆಯಿರಿ.

ನೋಟ್‌ಬುಕ್ಕಿನ ಕೊನೆಯ ಹತ್ತು ಪುಟ ಮಳೆಗೆ. ನಮ್ಮ ಮಳೆಗಳಿಗೆ ನಕ್ಷತ್ರದ ಹೆಸರು, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ, ಜೂನ್ ಮೂರನೇ ವಾರ ಕಳೆದು ಆರಿದ್ರ, ಆಗಸ್ಟ್ ನಡುವೆ ಮಘೆ, ಅಕ್ಟೋಬರ್ ಕೊನೆಗೆ ಸ್ವಾತಿ. ಪ್ರತಿಯೊಂದಕ್ಕೂ ಒಂದು ಮಾತಿದೆ: "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ", "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು." ಈ ಮಾತುಗಳನ್ನು ಬರೆದುಕೊಂಡು ಬರುವವರು ಬೇಕಾದಷ್ಟು ಜನ. ನೀವು ಇನ್ನೊಂದು ಮಾಡಿ: ಹೇಳಿದವರನ್ನು "ಈ ವರ್ಷ ಭರಣಿ ಬಂತಾ? ಏನು ಬಿತ್ತಿದ್ರಿ?" ಎಂದು ಕೇಳಿ ಪಕ್ಕದಲ್ಲಿ ತಾರೀಖು ಹಾಕಿ. ಮುಂದಿನ ವರ್ಷವೂ ಅವರನ್ನೇ ಕೇಳಿ. ಒಂದು ವರ್ಷಕ್ಕೆ ಗಾದೆ, ಐದು ವರ್ಷಕ್ಕೆ ದಾಖಲೆ. ನಾನು ಹನ್ನೊಂದು ವರ್ಷ ಹಾಕಿದ್ದೇನೆ. ಭರಣಿ ಕೈಕೊಟ್ಟ ವರ್ಷಗಳಲ್ಲಿ ಅದೇ ಯಜಮಾನರು ಅದೇ ಗಾದೆಯನ್ನು ಹೇಳುವಾಗ ದನಿ ಹೇಗೆ ಬದಲಾಗುತ್ತಿತ್ತು ಎಂಬುದೂ ಅದರಲ್ಲಿದೆ.

ವಾಪಸ್ ಕೊಡುವುದು

ಬಂದ ರಾತ್ರಿಯೇ ಬರೆದದ್ದನ್ನು ತಿದ್ದಿ ಬರೆಯಿರಿ, ನಾಳೆ ಅಂದರೆ ಅಕ್ಕ ತಂಗಿಯರು ಅದಲುಬದಲಾಗುತ್ತಾರೆ. ಆಮೇಲೆ ಜೆರಾಕ್ಸ್ ಮಾಡಿಸಿ, ಹೇಳಿದವರಿಗೆ ಅವರ ಪುಟ ಕೊಟ್ಟು ಬನ್ನಿ. ಓದಲು ಬಾರದಿದ್ದರೂ ಕೊಡಿ. ಇಷ್ಟು ವರ್ಷದಲ್ಲಿ ಹೀಗೆ ಮಾಡಿದವರು ನನಗೆ ಫೋನ್ ಮಾಡಿದವರಲ್ಲಿ ಇಬ್ಬರೇ.

ಹೂವಿನಜ್ಜಿಗೆ ನಾನು ಕೊಟ್ಟ ಹಾಳೆಯನ್ನು ಆಕೆ ಎಲೆ ಅಡಿಕೆ ಡಬ್ಬಿಯ ಕೆಳಗೆ ಮಡಿಸಿಟ್ಟಿದ್ದಳು. ಮುಂದಿನ ಸಲ ಹೋದಾಗ ತೆಗೆದು ತೋರಿಸಿದಳು. ಐದನೇ ಕ್ಲಾಸಿನ ಮೊಮ್ಮಗ ನನ್ನ ಅಕ್ಷರದ ತಪ್ಪೊಂದನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ್ದ, ಟೀಚರಿಗೇ! ಅಂಚಿನಲ್ಲಿ ಒಂದು ಚಿತ್ರ ಬರೆದಿದ್ದ: ಎರಡು ಬಂಡೆ, ನಡುವೆ ಗುಂಡನೆಯ ಗುಳಿ, ಪಕ್ಕದಲ್ಲಿ ಒಂದು ಎಲಚಿ ಗಿಡ. ಕೆಳಗೆ "ಇದು ಬಿಟ್ಟೋಗದೆ" ಎಂದು ಬರೆದಿದ್ದ. ಯಾವ ದೊಣೆ ಎಂದು ಅಜ್ಜಿಯನ್ನು ಕೇಳಿದೆ. ಅವಳಿಗೂ ಗೊತ್ತಿಲ್ಲ. ಹುಡುಗ ಶಾಲೆಗೆ ಹೋಗಿದ್ದ, ನಾಲ್ಕು ಗಂಟೆಗೆ ಬರುತ್ತಾನೆ ಅಂದಳು. ಕಟ್ಟೆಯ ಮೇಲೆ ಕೂತು ಕಾದೆ.